ತಮ್ಮನೂ ಅವನೇ, ಅಳಿಯನೂ ಅವನೇ

ಜೈಲಿಗೆ ಹೋಗುವ ದಿನ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ಬೆಳಗ್ಗೆ ಹಾಲಿನವನಿಗೆ ಬೈಯುತ್ತೇನೆ, ಬಸ್ಸಿನಲ್ಲಿ ಬಾಗಿಲಿಗೆ ಅಡ್ಡ ಗಂಟು ಇಟ್ಟವರಿಗೆ ಬೈಯುತ್ತೇನೆ, ಕಲಬುರಗಿಯ ಆಟೋದವನಿಗಂತೂ ಅವನು ಬಾಯಿ ತೆರೆಯುವ ಮೊದಲೇ ಬೈಯುತ್ತೇನೆ. ಮಗಳು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ. ಏಳು ವರ್ಷದಿಂದ ತಿಂಗಳಿಗೊಮ್ಮೆ ಇದೇ ನಡೆದಿದೆ. ನೆಲೋಗಿಯಿಂದ ಜೇವರ್ಗಿ, ಜೇವರ್ಗಿಯಿಂದ ಕಲಬುರಗಿ, ಅಲ್ಲಿಂದ ಆಟೋ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಕೂರಲು ಜಾಗವೂ ಸಿಗುವುದಿಲ್ಲ. ಅದಕ್ಕೂ ಬೈಯುತ್ತೇನೆ, ಪುಕ್ಕಟೆ ಟಿಕೆಟನ್ನು ಕೈಯಲ್ಲಿ ಹಿಡಿದುಕೊಂಡೇ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಭಾನುವಾರ ಜೈಲಿನಲ್ಲಿ ಭೇಟಿ ಇಲ್ಲದ್ದರಿಂದ ಪ್ರತಿ ತಿಂಗಳೂ ಒಂದು ರಜೆ ಅದಕ್ಕೇ ಹೋಗುತ್ತದೆ. ರಜೆ ಚೀಟಿಯಲ್ಲಿ ‘ಮನೆಯ ಕೆಲಸದ ನಿಮಿತ್ತ’ ಎಂದು ಬರೆಯುತ್ತೇನೆ. ಯಾವ ಮನೆ, ಏನು ಕೆಲಸ ಎಂದು ಹೆಡ್ ಮಾಸ್ತರರಿಗೆ ಗೊತ್ತು. ತಲೆ ಎತ್ತದೆ ಸಹಿ ಹಾಕುತ್ತಾರೆ. ಅಷ್ಟು ಮರ್ಯಾದೆ ಅವರು ಇಟ್ಟುಕೊಂಡಿದ್ದಾರೆ, ಅದಕ್ಕೆ ಅವರ ಮೇಲೆ ನನಗೆ ಗೌರವವಿದೆ.

ಒಳಗಿರುವವನು ನನ್ನ ತಮ್ಮ. ನನ್ನ ಮಗಳ ಗಂಡನೂ ಅವನೇ. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಊಟಕ್ಕೆ ಎಲೆ ಹಾಕಿದಷ್ಟು ಸಹಜ. ಮಗಳು ಹುಟ್ಟಿದಾಗ ಅವನಿಗೆ ಎಂಟು ವರ್ಷ. ನಮ್ಮವ್ವ ಕೂಸನ್ನು ಅವನ ತೊಡೆಯ ಮೇಲೆ ಇಟ್ಟು, “ಹಿಡಿಲೇ, ನಿನ್ನ ಹೇಣ್ತಿ ಬಂದ್ಲು” ಅಂದಿದ್ದಳು. ಅವನು ನಾಚಿಕೊಂಡು ಎದ್ದು ಓಡಿದ್ದ, ಕೂಸು ಬೀಳುವುದೊಂದು ಬಾಕಿ. ಅವ್ವ ನಾಲ್ಕು ವರ್ಷದ ನಂತರ ತೀರಿಕೊಂಡಳು. ಅಪ್ಪ ಮೊದಲೇ ಇರಲಿಲ್ಲ. ತಮ್ಮನನ್ನು ನನ್ನ ಮನೆಗೆ ಕರೆತಂದೆ. ಅವನಿಗೆ ಸ್ನಾನ ಮಾಡಿಸಿದ್ದು, ಹೊಡೆದು ಮಗ್ಗಿ ಕಲಿಸಿದ್ದು, ಕಾಲಿಗೆ ಮುಳ್ಳು ಚುಚ್ಚಿದರೆ ಸೂಜಿ ಹಿಡಿದು ತೆಗೆದದ್ದು ಎಲ್ಲ ನಾನೇ. ಅವನು ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಅವಳು ಮಾಮಾ ಮಾಮಾ ಎಂದು ಅವನ ಕೂದಲು ಹಿಡಿದು ಎಳೆಯುತ್ತಿದ್ದಳು.

ನನ್ನ ಗಂಡ ತೀರಿಕೊಂಡ ಮೇಲೆ ಮಗಳನ್ನು ದೂರ ಕಳಿಸಲು ನನಗೆ ಮನಸ್ಸಾಗಲಿಲ್ಲ. ಮಗಳೂ ಮನೆಯಲ್ಲೇ ಇರುತ್ತಾಳೆ, ತಮ್ಮನೂ ಮನೆಯಲ್ಲೇ ಇರುತ್ತಾನೆ ಎಂದು ಲೆಕ್ಕ ಹಾಕಿದೆ. ಅವಳಿಗೆ ಇಪ್ಪತ್ತು, ಅವನಿಗೆ ಇಪ್ಪತ್ತೆಂಟು. ಮಗಳೇ, ನಿನಗೆ ಒಪ್ಪಿಗೆಯಾ ಎಂದು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನೀನು ಅನ್ನ ಉಣ್ಣುತ್ತೀಯಾ ಎಂದು ಯಾರಾದರೂ ಕೇಳುತ್ತಾರೆಯೇ, ಹಾಗಿತ್ತು ಅದು.

ಮೂರು ವರ್ಷ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಅವನು ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಎರಡು ಮೂರು ದಿನ ಸಾಲು ಹಚ್ಚಿ ನಿಲ್ಲುತ್ತವೆ. ಒಬ್ಬ ಡ್ರೈವರ್ ನಡುವೆ ತನ್ನ ಗಾಡಿ ತೂರಿಸಿದ. ಮಾತಿಗೆ ಮಾತು ಬೆಳೆಯಿತು. ನನ್ನ ತಮ್ಮ ಜಾಕಿನ ರಾಡಿನಿಂದ ಅವನ ತಲೆಗೆ ಹೊಡೆದ. ಅವನು ಅಲ್ಲೇ ಸತ್ತ. ಇದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಹೊಡೆದವನು ನನ್ನ ತಮ್ಮ, ನಾನು ಸಾಕಿದವನು. ಸತ್ತವನು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯವನು, ಎರಡು ಸಣ್ಣ ಮಕ್ಕಳಿದ್ದವು. ಒಮ್ಮೆ ಎಲೆಕ್ಷನ್ ಡ್ಯೂಟಿಗೆ ಹೋಗುವಾಗ ನಮ್ಮ ಬಸ್ಸು ಆ ಹಳ್ಳಿಯಲ್ಲಿ ನಿಂತಿತ್ತು. ಎಲ್ಲರೂ ಇಳಿದು ಚಹಾ ಕುಡಿದರು. ನಾನು ಸೆರಗು ಮುಖಕ್ಕೆ ಎಳೆದುಕೊಂಡು ಕೂತಲ್ಲೇ ಕೂತಿದ್ದೆ. ಅಲ್ಲಿ ನನ್ನನ್ನು ಗುರುತಿಸುವವರು ಯಾರೂ ಇರಲಿಲ್ಲ, ಆದರೂ.

ತಮ್ಮನಿಗೆ ಜೀವಾವಧಿ ಆಯಿತು.

ಜೈಲಿನ ಬೋರ್ಡಿನಲ್ಲಿ ‘ಸಂದರ್ಶನ’ ಎಂದು ಬರೆದಿದೆ. ಯಾರೂ ಹಾಗೆ ಅನ್ನುವುದಿಲ್ಲ. ಮುಲಾಖಾತ್ ಅನ್ನುತ್ತಾರೆ. ಆಧಾರ್ ಕಾರ್ಡ್ ಕೊಡಬೇಕು, ಕಂಪ್ಯೂಟರ್ ಮುಂದಿನ ಸಣ್ಣ ಕ್ಯಾಮೆರಾಕ್ಕೆ ಮುಖ ತೋರಿಸಬೇಕು, ಕೈದಿಗೆ ಏನಾಗಬೇಕು ಎಂದು ಹೇಳಬೇಕು. ಮೊದಲ ಸಲ ಒಬ್ಬಳೇ ಹೋಗಿದ್ದೆ. ಅಕ್ಕ ಎಂದು ಬರೆಸಿದೆ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದನ್ನು ಗೇಟಿನಲ್ಲೇ ವಾಪಸ್ ಕೊಟ್ಟರು, ಮನೆಯ ಅಡುಗೆ ಒಳಗೆ ಬಿಡುವುದಿಲ್ಲವಂತೆ. ಆ ಗಂಟನ್ನು ಹೊತ್ತುಕೊಂಡು ಊರಿಗೆ ಬಂದೆ. ಎರಡು ದಿನ ಆ ರೊಟ್ಟಿ ನಾವೇ ತಿಂದೆವು. ಗಂಟಲಲ್ಲಿ ಇಳಿಯಲಿಲ್ಲ ಅಂದರೆ ಸುಳ್ಳು, ಇಳಿಯಿತು. ಹಸಿವಾಗಿತ್ತು.

ಎರಡನೇ ತಿಂಗಳು ಮಗಳನ್ನು ಕರೆದುಕೊಂಡು ಹೋದೆ. ಅವಳದು ಹೆಂಡತಿ ಎಂದು ಬರೆದುಕೊಂಡರು. ನನ್ನ ಸರದಿ ಬಂದಾಗ ಮಗಳ ಕೈ ನನ್ನ ಕೈಯಲ್ಲಿತ್ತು. ಯಾರಾಗಬೇಕು ಅಂದರು. ಅಳಿಯ ಅಂದುಬಿಟ್ಟೆ. ಕಂಪ್ಯೂಟರ್ ಮುಂದೆ ಕೂತವನು ಕರಾವಳಿ ಕಡೆಯ ಹುಡುಗ, ಮಾತಿನಲ್ಲೇ ಗೊತ್ತಾಗುತ್ತಿತ್ತು. ಪರದೆ ನೋಡಿದ, ನನ್ನನ್ನು ನೋಡಿದ.

“ಅಮ್ಮಾ, ಹೋದ ತಿಂಗಳು ತಮ್ಮ ಅಂತ ಹೇಳಿದ್ದೀರಿ. ಈಗ ಅಳಿಯ ಅಂತೀರಿ. ಯಾವುದು ಸರಿ?”

“ಎರಡೂ ಖರೇನ ಐತ್ರಿ,” ಅಂದೆ.

“ಎರಡೂ ಹೇಗಾಗ್ತದೆ?”

“ಯಾಕಾಗಂಗಿಲ್ರಿ? ಅಂವ ನನ್ನ ತಮ್ಮ. ಈಕಿ ನನ್ನ ಮಗಳು. ಈಕೀನ ಅವನಿಗೆ ಕೊಟ್ಟೀವಿ.”

ಹುಡುಗ ಕೆಟ್ಟವನಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ನಮ್ಮ ಕಡೆ ಹೀಗೆ ಮಾಡುವುದಿಲ್ಲ,” ಎಂದು ಮೆಲ್ಲಗೆ ಅಂದ. ಪಕ್ಕದಲ್ಲಿದ್ದ ನಮ್ಮ ಕಡೆಯ ಪೊಲೀಸು ಅವನಿಗೆ ಬಿಡಿಸಿ ಹೇಳಬೇಕಾಯಿತು. ಅವನು ಹೇಳುತ್ತಿದ್ದಂತೆ ಹಿಂದೆ ಸಾಲಿನಲ್ಲಿದ್ದ ಇಬ್ಬರು ಮೂವರು ಕೇಳಿಸಿಕೊಂಡು ನಕ್ಕರು. ಹುಡುಗ ಮಗಳ ಮುಖ ನೋಡಿ, “ಹಾಗಾದರೆ ನಿಮ್ಮ ಗಂಡ ನಿಮ್ಮನ್ನು ಎತ್ತಿ ಆಡಿಸಿದವರಾ?” ಅಂದ. ಕುತೂಹಲಕ್ಕೆ ಕೇಳಿದ್ದು, ಚುಚ್ಚಬೇಕೆಂದಲ್ಲ. ಮಗಳು ಹೌದು ಎಂದು ತಲೆ ಅಲ್ಲಾಡಿಸಿದಳು. ಒಂದಕ್ಕೇ ಜಾಗ ಇರುವುದು ಅಂದದ್ದರಿಂದ ‘ಅಕ್ಕ’ ಎಂದೇ ಉಳಿಸಿಕೊಂಡೆ.

ಅವತ್ತು ವಾಪಸ್ ಬರುವಾಗ ಅವನಿಗೂ ಬೈದೆ, ಮನಸ್ಸಿನಲ್ಲಿ. ಸಮುದ್ರದ ದಂಡೆಯವನಿಗೆ ನಮ್ಮ ಬಳಗದ ಸುದ್ದಿ ಯಾಕೆ ಬೇಕು? ಆದರೆ ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಎತ್ತಿ ಆಡಿಸಿದವರಾ. ಮೂವತ್ತು ವರ್ಷ ಪಾಠ ಹೇಳಿದವಳು ನಾನು, ಊರ ಹೆಣ್ಣುಮಕ್ಕಳನ್ನು ಓದಿಸಿ ಎಂದು ಮನೆ ಮನೆಗೆ ಹೋಗಿ ಜಗಳ ತೆಗೆದವಳು. ನನ್ನ ಮಗಳ ವಿಷಯಕ್ಕೆ ಬಂದಾಗ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ. ಅವನು ಕೊಲೆ ಮಾಡದೆ ಇದ್ದಿದ್ದರೆ ಈ ವಿಚಾರ ನನಗೆ ಬರುತ್ತಲೂ ಇರಲಿಲ್ಲ. ಅದೂ ನಿಜ.

ಮುಲಾಖಾತಿನಲ್ಲಿ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ನಡುವೆ ಗಾಜು, ಆಚೆ ಒಂದು ಫೋನು, ಈಚೆ ಒಂದು ಫೋನು. ಮಗಳು ಐದು ನಿಮಿಷ ಮಾತಾಡುತ್ತಾಳೆ. ಉಂಡೆಯಾ, ಆರಾಮ ಇದ್ದೀಯಾ, ಅಂಗಿ ಸರಿಹೋಯಿತಾ. ಉಳಿದದ್ದು ನನ್ನ ಪಾಲು. ಎಮ್ಮೆ ಕರು ಹಾಕಿತು, ಜೋಳ ಮೊಳಕಾಲುದ್ದ ಬಂತು, ಹಿಂದಿನ ಗೋಡೆ ಬಿತ್ತು. ಏಳು ವರ್ಷ ಇದನ್ನೇ ಹೇಳಿದ್ದೇನೆ. ಒಳಗೆ ಹೋಗುವಾಗ ದಪ್ಪ ಮೀಸೆ ಇದ್ದವನಿಗೆ ಈಗ ಮೀಸೆಯೂ ಇಲ್ಲ, ಮುಂದಿನ ಹಲ್ಲು ಒಂದು ಇಲ್ಲ. ಅವನನ್ನು ನೋಡಿದರೆ ಕರುಳು ಹಿಂಡಿದ ಹಾಗಾಗುತ್ತದೆ, ಮಗಳನ್ನು ನೋಡಿದರೆ ಬೇರೆ ಥರ ಹಿಂಡುತ್ತದೆ. ಎರಡು ಕಡೆಯಿಂದ ಹಿಂಡಿಸಿಕೊಂಡು ಸುಸ್ತಾಗಿಬಿಟ್ಟಿದೆ ನನಗೆ.

ಹೋದ ಮಳೆಗಾಲದಲ್ಲಿ ಸಾಲಿನಲ್ಲಿ ನಿಂತಾಗ ಆಳಂದ ಕಡೆಯ ಒಬ್ಬ ಹೆಂಗಸು ಮಗಳನ್ನು ಮಾತಿಗೆಳೆದಳು. ಅವಳ ಮಗ ಒಳಗಿದ್ದ, ಹೊಸದಾಗಿ.

“ನಿಮ್ಮವರದ ಇನ್ನ ಎಷ್ಟ ವರ್ಷ ಐತವ್ವಾ?”

“ಇನ್ನೊಂದ ಏಳೆಂಟ ಆಗಬೋದ್ರಿ,” ಅಂದಳು ಮಗಳು.

ಜೇವರ್ಗಿ ಇನ್ನೂ ಎಷ್ಟು ದೂರ ಅಂದರೆ ಹೇಗೆ ಹೇಳುತ್ತಾರೋ ಹಾಗೆ ಹೇಳಿದಳು. ದುಃಖ ಇಲ್ಲ, ಸಿಟ್ಟು ಇಲ್ಲ. ಹೇಳಿ, ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು. ಮೂವತ್ತು ವರ್ಷದ ಹೆಣ್ಣು. ಇನ್ನೂ ಏಳೆಂಟು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಊರ ಹೆಂಗಸರ ಕುಪ್ಪಸ ಹೊಲಿಯುತ್ತಾ, ತಿಂಗಳಿಗೊಮ್ಮೆ ಗಾಜಿನ ಈಚೆ ಐದು ನಿಮಿಷ ಸಂಸಾರ ಮಾಡುತ್ತಾ ಇರುತ್ತಾಳೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಅವತ್ತೇ ಗಟ್ಟಿ ಮಾಡಿಕೊಂಡೆ. ತಮ್ಮನಿಗೆ ಹೇಳಬೇಕು. ಇವಳನ್ನು ಬಿಟ್ಟುಬಿಡು, ಕಾಗದಕ್ಕೆ ಸಹಿ ಹಾಕು ಎಂದು ಕೇಳಬೇಕು.

ಗಟ್ಟಿ ಮಾಡಿಕೊಂಡದ್ದು ಆರು ತಿಂಗಳು ಹಾಗೇ ಉಳಿಯಿತು. ಪ್ರತಿ ಸಲ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗುತ್ತಿದ್ದೆ. ಒಳಗೆ ಹೋದರೆ ಮಗಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ಅವನು ಗಾಜಿನಾಚೆ ನಗುತ್ತಾ ಕೂತಿರುತ್ತಿದ್ದ, ಆ ಹಲ್ಲಿಲ್ಲದ ನಗು. ಹೊರಗಿನಿಂದ ಅವನನ್ನು ನೋಡಲು ಬರುವವರು ನಾವಿಬ್ಬರೇ. ಅದರಲ್ಲೊಬ್ಬಳನ್ನು ಕಡಿಮೆ ಮಾಡು ಎಂದು ಹೇಗೆ ಹೇಳಲಿ? ನಾನೇ ತಂದು ಕಟ್ಟಿದ ಗಂಟು, ನಾನೇ ಹೋಗಿ ಬಿಚ್ಚು ಅನ್ನಬೇಕು. ಎಮ್ಮೆಯ ಸುದ್ದಿ ಹೇಳಿ ಎದ್ದು ಬರುತ್ತಿದ್ದೆ. ಹೊರಗೆ ಬಂದು ಆಟೋದವನಿಗೆ ಬೈಯುತ್ತಿದ್ದೆ.

ಮಗಳೇನಾದರೂ ಬಾಯಿ ಬಿಟ್ಟಾಳೇ ಎಂದೂ ನೋಡಿದೆ. ಒಂದು ದಿನ ರೊಟ್ಟಿ ಬಡಿಯುತ್ತಾ, “ನಿನಗ ಬ್ಯಾಸರ ಬರಂಗಿಲ್ಲೇನ ಬೇ?” ಅಂದೆ. “ರೊಟ್ಟಿ ಹೊತ್ತಾಕತ್ತದ ನೋಡವ್ವಾ,” ಅಂದಳು. ಹೌದು, ಹೊತ್ತುತ್ತಿತ್ತು. ಮಾತು ಅಲ್ಲಿಗೇ ನಿಂತಿತು.

ಎಳ್ಳಮಾವಾಸ್ಯೆ ಕಳೆದ ಮೂರನೇ ದಿನ ಹೋದೆವು. ಆ ಬೆಳಗ್ಗೆ, “ನೀ ಬರಬ್ಯಾಡ, ಮದುವಿ ಮನಿಯವ್ರ ಕುಪ್ಪಸ ಅದಾವಲ್ಲ, ಹೊಲಿ,” ಅಂದೆ. ಅವಳು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಜೈಲಿನ ಕಿಟಕಿಯ ಹತ್ತಿರ ನಾನು, “ಇವತ್ತ ನಾ ಒಬ್ಬಾಕಿನ ಹೋಗಾಕಿ,” ಅಂದೆ. ಅವಳು ನನ್ನ ಮುಖ ನೋಡಿದಳು. ನನ್ನ ಚೀಲವನ್ನೂ ಇಸಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕೂತಳು.

ತಮ್ಮ ನನ್ನ ಹಿಂದೆ ಮುಂದೆ ಹುಡುಕಿದ. “ಆಕಿ ಎಲ್ಲಿ?”

“ಹೊರಗ ಕುಂತಾಳ.”

“ಆರಾಮ ಅದಾಳಿಲ್ಲೋ?”

“ಅದಾಳ.”

ಅವನು ಹಬ್ಬದ ಮಾತು ತೆಗೆದ. ಹೊಲಕ್ಕೆ ಹೋಗಿದ್ದಿರಾ, ಪುಂಡಿ ಪಲ್ಲೆ ಮಾಡಿದ್ದಿರಾ, ಸಜ್ಜೆ ರೊಟ್ಟಿ ಎಷ್ಟು ಬಡಿದಿರಿ. ನಮ್ಮ ಕಡೆ ಆ ದಿನ ಬೆಳೆ ನಿಂತ ಹೊಲಕ್ಕೆ ಬುತ್ತಿ ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಹೊಲದ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತೇವೆ. ಗಂಡ ಚೆಲ್ಲುತ್ತಾ ಹೋದರೆ ಹೆಂಡತಿ ನೀರು ಹಿಡಿದು ಹಿಂದೆ ಹೋಗುತ್ತಾಳೆ.

“ಚರಗ ಯಾರ ಚೆಲ್ಲಿದ್ರು ಈ ಸಲ?” ಅಂದ.

“ನಿನ್ನ ಹೇಣ್ತಿ. ಒಂದ ಕೈಯಾಗ ಬುಟ್ಟಿ, ಇನ್ನೊಂದ ಕೈಯಾಗ ತಂಬಗಿ ಹಿಡಕೊಂಡು ಒಬ್ಬಾಕಿನ ಸುತ್ತಿ ಬಂದ್ಲು. ಬಾಜೂ ಹೊಲದವರು ನಿಂತ ನೋಡಿದ್ರು.”

ಅವನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಹಾಕಿಕೊಂಡ. ನಾನು ಆಗ ಬಿಟ್ಟಿದ್ದರೆ ಮತ್ತೆ ಎಮ್ಮೆಯ ಸುದ್ದಿಗೇ ಹೋಗುತ್ತಿದ್ದೆ. ಕಣ್ಣು ಮುಚ್ಚಿ ಅಂದೆ:

“ಆಕೀನ ಬಿಟ್ಟುಬಿಡಪ್ಪಾ. ಆಕಿ ಬ್ಯಾರೆ ಮದುವಿ ಆಗಲಿ. ನಾ ನಿನಗ ಅನ್ಯಾಯ ಮಾಡಾಕತ್ತೇನಿ ಅಂತ ನನಗ ಗೊತ್ತೈತಿ. ಆದ್ರ ನಾ ಆಕಿಗಿ ಮೊದಲ ಅನ್ಯಾಯ ಮಾಡೇನಿ. ನನಗ ಇನ್ನ ನೋಡಾಕ ಆಗವಲ್ತು.”

ಕಣ್ಣು ತೆರೆದಾಗ ಅವನು ಅಳುತ್ತಿರಲಿಲ್ಲ. ಸಿಟ್ಟಾಗಿರಲೂ ಇಲ್ಲ. ಹಣೆ ಉಜ್ಜಿಕೊಳ್ಳುತ್ತಿದ್ದ, ಬಹಳ ದಣಿದವರ ಹಾಗೆ.

“ಅಕ್ಕಾ, ಇದನ್ನ ನಾ ಆಕಿಗಿ ಯಾವಾಗೋ ಹೇಳೇನಿ,” ಅಂದ.

“ಯಾವಾಗ?”

“ನೀ ಎಲೆಕ್ಷನ್ ಡ್ಯೂಟಿಗಿ ಹೋಗಿದ್ದಿ ನೋಡು, ಆಕಿ ಒಬ್ಬಾಕಿನ ಬಂದಿದ್ಲು. ಆವಾಗ. ನಂದು ಇಲ್ಲಿ ಹೆಂಗೋ ಕಳದು ಹೋಗ್ತದ, ನೀ ಯಾಕ ಹೊರಗ ಜೈಲ ಮಾಡ್ಕೊಂಡೀದಿ, ಕಾಗದ ತಗೊಂಬಾ, ಸಹಿ ಮಾಡ್ತೇನಿ ಅಂತಂದೆ.”

ಅದು ಒಂದೂವರೆ ವರ್ಷದ ಹಿಂದಿನ ಮಾತು. ಒಂದೂವರೆ ವರ್ಷದಿಂದ ಇವನಿಗೂ ಗೊತ್ತು, ಅವಳಿಗೂ ಗೊತ್ತು. ನಾನೊಬ್ಬಳು ನಡುವೆ ಎಮ್ಮೆಯ ಸುದ್ದಿ ಹೇಳುತ್ತಾ ಕೂತಿದ್ದೆ.

“ಆಕಿ ಏನಂದ್ಲು?”

ಅವನು ಫೋನಿನ ವೈರು ಬೆರಳಿಗೆ ಸುತ್ತಿಕೊಂಡ. ಹಿಂದಿನಿಂದ ಸಿಬ್ಬಂದಿ ಟೈಮ್ ಆಯಿತು ಎಂದು ಕೂಗಿದ. ಹೇಳೋ ಮಾರಾಯ ಎಂದು ನಾನು ಗಾಜಿಗೆ ಬಡಿದೆ.

“ಬ್ಯಾಸರ ಮಾಡ್ಕೋಬ್ಯಾಡಕ್ಕಾ. ‘ಈ ಮದುವಿ ಅವ್ವ ಮಾಡ್ಯಾಳ. ಮುರದ್ರ ಆಕಿ ಜೀವಾ ತಡ್ಕೊಳ್ಳಂಗಿಲ್ಲ. ಆಕಿ ಸತ್ತ ಮ್ಯಾಲ ನೋಡೋಣ ಮಾಮಾ’ ಅಂದ್ಲು.”

ಫೋನು ಕಟ್ಟಾಯಿತು. ಅವನು ಎದ್ದು ನಿಂತು, ಹೋಗು ಹೋಗು ಎಂದು ಕೈಯಿಂದ ಸನ್ನೆ ಮಾಡಿದ. ಏನೋ ಅನ್ನುತ್ತಿದ್ದ, ಕೇಳಿಸಲಿಲ್ಲ. ನಾನು ಅಲ್ಲೇ ಫೋನು ಹಿಡಿದುಕೊಂಡು ಕೂತಿದ್ದೆ. ಮುಂದಿನವರು ಬಂದು, “ಏಳ್ರಿ ಬಾಯಿ,” ಅಂದಾಗ ಎದ್ದೆ.

ಹೊರಗೆ ಬರುವ ಹೊತ್ತಿಗೆ ನನಗೆ ಬಂದಿದ್ದು ಸಿಟ್ಟು, ಮತ್ತೇನೂ ಅಲ್ಲ. ಇಷ್ಟು ವರ್ಷ ನಾನು ಅವಳಿಗೆ ಊರುಗೋಲಾಗಿದ್ದೇನೆ ಎಂದುಕೊಂಡಿದ್ದೆ. ಬಸ್ಸು ಹತ್ತಿಸಿ, ಇಳಿಸಿ, ಸಾಲಿನಲ್ಲಿ ನಿಲ್ಲಿಸಿ, ನೀರು ಕುಡಿಸಿ. ಅವಳು ನನ್ನನ್ನು ಕಾಯುತ್ತಿದ್ದಳು. ನನ್ನ ಜೀವ ಯಾವಾಗ ಹೋಗುತ್ತದೋ ಎಂದು ಕಾಯುತ್ತಿದ್ದಳೋ, ನನ್ನ ಜೀವ ಹೋಗದಿರಲಿ ಎಂದು ಕಾಯುತ್ತಿದ್ದಳೋ, ಎರಡೂ ಇರಬಹುದು. ಬೇವಿನ ಗಿಡದ ಕೆಳಗೆ ಎರಡು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತವಳ ಮುಂದೆ ಹೋಗಿ ನಿಂತೆ.

“ನಾ ಸಾಯಲಿ ಅಂತ ಕುಂತೀ ಏನ ಬೇ?” ಅಂದೆ. ಜೋರಾಗಿಯೇ ಅಂದೆ. ಬಾಳೆಹಣ್ಣು ಮಾರುವವಳು ತಿರುಗಿ ನೋಡಿದಳು.

ಮಗಳಿಗೆ ಕೂಡಲೇ ತಿಳಿಯಿತು. “ಮಾಮಾ ಹೇಳಿದ್ನೇನ?”

“ಹೇಳಿದ.”

“ನಾ ಹಂಗ ಅನಬಾರದಿತ್ತು.”

“ಅಂದೀದಿ. ಖರೇನ ಅಂದೀದಿ.”

ಅವಳು ತಲೆ ತಗ್ಗಿಸಿ ಚೀಲದ ಹಿಡಿಕೆಯ ದಾರ ಕೀಳುತ್ತಾ ಕೂತಳು. ಅವಳ ಪಕ್ಕದಲ್ಲಿ ನೆಲಕ್ಕೇ ಕೂತೆ. ಮಂಡಿ ನೋವು ಇದೆ, ಕೂತರೆ ಏಳಲು ಆಗುವುದಿಲ್ಲ ಎಂದು ಗೊತ್ತಿದ್ದೂ ಕೂತೆ. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದರ ಕೆಳಗೆ ಇದ್ದದ್ದು ನಾಚಿಕೆ. ಮನುಷ್ಯರು ತಾಯಿಯ ಸಾವಿಗೆ ಹೆದರುತ್ತಾರೆ. ನನ್ನ ಮಗಳು ಅದರಾಚೆಗೆ ತನ್ನ ಬದುಕನ್ನು ಎತ್ತಿಟ್ಟಿದ್ದಳು. ಅಲ್ಲಿ ಇಡುವ ಹಾಗೆ ಮಾಡಿದವಳು ನಾನು.

ನಾನು ಮಾತು ಹುಡುಕಿದೆ. ಅವಳು ಬೇಡ ಅನ್ನುತ್ತಾಳೆ, ಮಾಮಾನನ್ನು ಹೇಗೆ ಬಿಡಲಿ ಅನ್ನುತ್ತಾಳೆ, ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು, ಒಪ್ಪಿಸಬೇಕು. ಹಾಗೇ ಆಗುವುದು ಎಂದುಕೊಂಡಿದ್ದೆ. ಅದಕ್ಕೆ ಬೇಕಾದ ಮಾತನ್ನೆಲ್ಲ ಆರು ತಿಂಗಳಿಂದ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

“ಅಂವ ನನಗ ತಮ್ಮ ಇದ್ದಾನ, ಇರ್ತಾನ,” ಅಂದೆ. “ತಿಂಗಳಾ ನಾ ಬರ್ತೇನಿ, ನಾ ನೋಡ್ಕೋತೇನಿ. ನಾಳೆ ನಾವಿಬ್ರೂ ಜೇವರ್ಗಿಗಿ ಹೋಗಿ ವಕೀಲರ ಕಡೆ—”

“ಹೂಂ,” ಅಂದಳು.

ನನ್ನ ಮಾತು ಮುಗಿದಿರಲಿಲ್ಲ. ಅಷ್ಟು ಬೇಗ ಅಂದಳು. ಒಂದು ಸಲವಾದರೂ ಬೇಡ ಅನ್ನುತ್ತಾಳೆ ಎಂದು ನಾನು ಕಾದಿದ್ದೆ.